ಹುಳ ಬಿದ್ದ ಮೀನು ಕೇಳುತ್ತಿದ್ದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಬಲಗೈ ಉಗುರುಗಳು ಸದಾ ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಚಳಿಗಾಲದಲ್ಲೂ ಈ ಹೆಂಗಸಿಗೆ ನೇರಳೆ ಹಣ್ಣು ಎಲ್ಲಿಂದ ಸಿಗುತ್ತದೆ ಎಂದು ನನ್ನ ತಂದೆಗೆ ಸೋಜಿಗ. ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟರು.

"ಹಣ್ಣಲ್ಲ ಸಾಹೇಬ್ರೆ, ಬಣ್ಣ," ಎಂದು ಡಾಕ್ಟ್ರಮ್ಮ ನಕ್ಕರು. "ಇಲಿಯ ಲಿವರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ನೋಡ್ತೇನೆ. ಬಣ್ಣ ಇಲ್ಲದಿದ್ದರೆ ಎಂತದೂ ಕಾಣುವುದಿಲ್ಲ."

ಅವತ್ತು ಅವರು ಚಹಾ ಕುಡಿದ ಲೋಟವನ್ನು ತಂದೆ ಎರಡೆರಡು ಸಲ ತೊಳೆಸಿದರು.

ಬಂದರಿನಲ್ಲಿ ನಮ್ಮದು ಒಣಮೀನಿನ ಅಂಗಡಿ. ತಂದೆ ಗಲ್ಲಾದಲ್ಲಿ ಕೂರುತ್ತಿದ್ದರು, ಆಗಷ್ಟೇ ಮದುವೆಯಾಗಿದ್ದ ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಡಾಕ್ಟ್ರಮ್ಮ ಕುಲಶೇಖರದ ಕೊಂಕಣಿ ಕ್ರೈಸ್ತರ ಮನೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಶನಿವಾರ ಬಸ್ಸಿಳಿದು ಕೊಡೆ ಊರಿಕೊಂಡು ಬರುತ್ತಿದ್ದರು. ಎರಡು ಕಟ್ಟು ಕಟ್ಟಬೇಕಿತ್ತು: ಮನೆಗೆ ಒಣ ನಂಗು ಮೀನು, ಅವರ ಬಿಳಿ ಇಲಿಗಳಿಗೆ ಸಣ್ಣ ಒಣಮೀನು. ತಮ್ಮ ಕಟ್ಟನ್ನು ನೋಡದೆಯೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಅವರು ಇಲಿಗಳ ಮೀನನ್ನು ಮಾತ್ರ ಹಿಡಿಹಿಡಿಯಾಗಿ ಎತ್ತಿ ಮೂಸಿ ನೋಡುತ್ತಿದ್ದರು. ನಾನು ಕೀಟಲೆ ಮಾಡಿದರೆ, "ನಗಬೇಡ ಮಾರಾಯ. ಅವು ಪಾಪ, ನಮಗೋಸ್ಕರ ಸಾಯುವವು. ಊಟವಾದರೂ ಒಳ್ಳೆಯದು ಬೇಡವಾ?" ಎನ್ನುತ್ತಿದ್ದರು.

ಡಿಡಿಟಿ ಪುಡಿ ಬಂದು ಕೆಲವು ವರ್ಷಗಳಾಗಿದ್ದ ಕಾಲ ಅದು. ಮಲೇರಿಯಾದವರು ಪಂಪು ಹೊತ್ತು ಬಂದರೆ ನಾವು ಬಾಗಿಲು ತೆರೆದು ಸ್ವಾಗತಿಸುತ್ತಿದ್ದೆವು. ಸೊಳ್ಳೆ ಸತ್ತಿತು, ತಿಗಣೆ ಸತ್ತಿತು, ಹಾಸಿಗೆಯಲ್ಲಿ ನೆಮ್ಮದಿ ಬಂತು. ಡಾಕ್ಟ್ರಮ್ಮನಿಗೂ ಅದರ ಮೇಲೆ ಸಿಟ್ಟೇನಿರಲಿಲ್ಲ. ಆದರೆ ಅದೇ ಪುಡಿ ಚೂರುಚೂರಾಗಿ ದಿನವೂ ಹೊಟ್ಟೆಗೆ ಹೋದರೆ ಲಿವರಿಗೆ, ಕಿಡ್ನಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಒಂದು ಗುಂಪಿನ ಇಲಿಗಳ ಊಟಕ್ಕೆ ಪುಡಿ ಬೆರೆಸುತ್ತಿದ್ದರು, ಇನ್ನೊಂದಕ್ಕೆ ಇಲ್ಲ. ಇದರಿಂದಲೇ ಅವರಿಗೆ ದೊಡ್ಡ ಪದವಿ ಬರಬೇಕಿತ್ತು. ಬಂದ ಸಂಬಂಧಗಳನ್ನೆಲ್ಲ ಅದಕ್ಕಾಗಿ ದೂರ ಮಾಡಿದ್ದರೆಂದು ಅವರ ಓಣಿಯವರು ಹೇಳುತ್ತಿದ್ದರು.

ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಡಾಕ್ಟ್ರಮ್ಮ ಶನಿವಾರವಲ್ಲದ ದಿನ ಅಂಗಡಿಗೆ ಬಂದರು. ಮುಖ ಬಾಡಿತ್ತು. ಪುಡಿ ತಿಂದ ಇಲಿಗಳ ಲಿವರ್ ಉಬ್ಬಿ ಬಣ್ಣಗೆಟ್ಟಿತ್ತಂತೆ, ಅದು ಅವರು ನಿರೀಕ್ಷಿಸಿದ್ದೇ. ಆದರೆ ಪುಡಿ ತಿನ್ನದ ಇಲಿಗಳದ್ದೂ ಹಾಗೆಯೇ ಇತ್ತು. ಕೆಲಸವೇ ಸರಿಯಿಲ್ಲ ಎಂದು ಮೇಲಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಡಾಕ್ಟ್ರಮ್ಮ ಇಲಿಗಳ ತೌಡು ಬದಲಾಯಿಸಿದ್ದರು, ಹಿಂಡಿ ಬದಲಾಯಿಸಿದ್ದರು, ಪ್ರಯೋಜನವಾಗಿರಲಿಲ್ಲ.

"ಸಾಹೇಬ್ರೆ, ನಿಮ್ಮ ಮೀನಿಗೆ ಎಂತಾದರೂ ಹಾಕ್ತೀರಾ?"

ತಂದೆಯ ಎದೆ ಉಬ್ಬಿತು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಊರಿಗೆ ಊರೇ ಒಣಮೀನು ನೆಚ್ಚಿಕೊಂಡಿರುತ್ತದೆ. ಆ ತೇವದಲ್ಲೂ ನಮ್ಮ ಮೀನಿಗೆ ಹುಳ ಬೀಳುವುದಿಲ್ಲವೆಂಬುದು ಬಂದರಿಗೇ ಗೊತ್ತಿದ್ದ ಮಾತು. ಅವರು ಒಳಗಿನಿಂದ ಬಿಳಿ ಡಿಡಿಟಿ ಪುಡಿಯ ಡಬ್ಬವನ್ನು ತಾವೇ ಹೊತ್ತು ತಂದರು.

"ಬೇರೆಯವರಿಗೆ ಹೇಳಬೇಡಿ ಡಾಕ್ಟ್ರಮ್ಮ. ಬುಟ್ಟಿ ಕಟ್ಟುವ ಮೊದಲು ಮೇಲೆ ಸ್ವಲ್ಪ ಇದನ್ನು ಹಾಕ್ತೇವೆ. ಮೀನು ಕ್ಲೀನ್ ಇರ್ತದೆ!"

ಡಾಕ್ಟ್ರಮ್ಮ ಉಪ್ಪಿನ ಮೂಟೆಯ ಮೇಲೆ ಕೂತರು. ಮೊದಲು ನಗು ಬಂತು. ಅದು ನಿಲ್ಲುವ ಮೊದಲೇ ಕಣ್ಣು ತುಂಬಿತು. "ನನ್ನ ಕೆಲಸ ತಪ್ಪಿರಲಿಲ್ಲ," ಎಂದರು, ತಮಗೆ ತಾವೇ ಎಂಬಂತೆ. ಆಮೇಲೆ, "ನಾನೂ ಇದನ್ನೇ ತಿಂತಾ ಬಂದದ್ದಲ್ಲವಾ ಸಾಹೇಬ್ರೆ."

ಮರುದಿನ ನಮ್ಮಿಬ್ಬರನ್ನೂ ಕಾಲೇಜಿಗೆ ಕರೆಸಿಕೊಂಡರು. ಬಾಟಲಿಗಳಲ್ಲಿ ಲಿವರುಗಳಿದ್ದವು. ಒಂದು ಅವರು ಪುಡಿ ಬೆರೆಸಿ ತಿನ್ನಿಸಿದ ಇಲಿಯದು, ಇನ್ನೊಂದು ಬರೀ ನಮ್ಮ ಮೀನು ತಿಂದದ್ದರದು. ಎರಡರ ನಡುವೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ತಂದೆ ಬಾಗಿ ಎರಡು ಬಾಟಲಿಯನ್ನೂ ನೋಡಿದರು.

"ಮನುಷ್ಯರಿಗೂ ಹೀಗೇ ಆಗ್ತದಾ?"

"ಗೊತ್ತಿಲ್ಲ. ಇಲಿಯದ್ದು ಮಾತ್ರ ನಾನು ಹೇಳಬಹುದು." ಹೆದರಿಸಿ ಒಪ್ಪಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಹೆಂಡತಿ ಆಗ ತುಂಬು ಬಸುರಿ, ಒಣಮೀನಿನ ಚಟ್ನಿ ಇಲ್ಲದೆ ಅವಳಿಗೆ ಗಂಜಿ ಇಳಿಯುತ್ತಿರಲಿಲ್ಲ. ಅವಳಿಗೆ ಕೊಡಬಹುದೇ ಎಂದು ಕೇಳಿದೆ. ಡಾಕ್ಟ್ರಮ್ಮ ನನ್ನ ಕೈ ಹಿಡಿದುಕೊಂಡರು. "ಬೇಡ ಮಾರಾಯ. ನನ್ನ ತಂಗಿಯಾದರೆ ನಾನು ಕೊಡುತ್ತಿರಲಿಲ್ಲ."

ತಂದೆ ಅಲ್ಲಿಂದ ನೇರ ಅಂಗಡಿಗೆ ಬಂದರು. ಉಗ್ರಾಣದಲ್ಲಿ ಮಳೆಗಾಲಕ್ಕೆಂದು ಕಟ್ಟಿಟ್ಟ ಬುಟ್ಟಿಗಳು ಸೂರು ಮುಟ್ಟುವಷ್ಟಿದ್ದವು. ಎಲ್ಲವನ್ನೂ ಹೊರಗೆ ತೆಗೆಸಿ ಗುಂಡಿ ತೋಡಿ ಹೂಳಿಸಿದರು. ಸಾಹೇಬರಿಗೆ ತಲೆ ಕೆಟ್ಟಿದೆ ಎಂದು ಇಡೀ ಬಂದರೇ ನಕ್ಕಿತು. ಆ ಸಲ ನಮ್ಮ ಬಳಿ ಉಳಿದದ್ದು ಕೊನೆಯ ದೋಣಿಗಳು ತಂದ ಮೀನು ಮಾತ್ರ. ಉಪ್ಪು ಹೆಚ್ಚು ಹಾಕಿದೆವು, ಮೋಡ ಸರಿದಾಗಲೆಲ್ಲ ಅಂಗಳಕ್ಕೆ ಓಡಿ ಚಾಪೆ ಬಿಡಿಸಿದೆವು. ಆದರೂ ಆಟಿ ತಿಂಗಳ ಜಡಿಮಳೆಯಲ್ಲಿ ಹುಳ ಬಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದಿನ ಅಂಗಡಿಗೆ ನಡೆದರು.

ಅಂಥ ಒಂದು ಶನಿವಾರ, ಜನರೆದುರು, ಡಾಕ್ಟ್ರಮ್ಮ ಗಟ್ಟಿಯಾಗಿ ಕೇಳಿದರು, "ಸಾಹೇಬ್ರೆ, ಹುಳ ಬಿದ್ದ ಮೀನು ಉಂಟಾ?"

ತಂದೆ ತಲೆ ತಗ್ಗಿಸಿದರು. "ಉಂಟು ಡಾಕ್ಟ್ರಮ್ಮ. ಅದುವೇ ಇರುವುದು."

"ಅದನ್ನೇ ಕೊಡಿ. ಹುಳ ಬದುಕಿದ ಮೀನು ತಿಂದರೆ ನನ್ನ ಇಲಿಗಳೂ ಬದುಕ್ತವೆ."

ಅಂದಿನಿಂದ ಅದೇ ಅವರ ವಾಡಿಕೆಯ ಮಾತಾಯಿತು. ಅದನ್ನು ಕೇಳಿಕೇಳಿಯೇ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಡಾಕ್ಟ್ರಮ್ಮ ಹೊಸ ಇಲಿಗಳನ್ನು ತಂದು ಮೊದಲಿನಿಂದ ಶುರು ಮಾಡಿದರು. ಒಂದು ದಿನ ಗಾಜಿನ ತುಂಡೊಂದನ್ನು ತಂದು ಬೆಳಕಿಗೆ ಹಿಡಿದು ತಂದೆಗೆ ತೋರಿಸಿದರು. "ನಿಮ್ಮ ಮೀನು ತಿಂದ ಇಲಿಯದ್ದು ಇದು. ಲಿವರ್ ಎಷ್ಟು ಚಂದ ಉಂಟು ನೋಡಿ!" ಗಾಜಿನಲ್ಲಿದ್ದದ್ದು ಅವರ ಉಗುರಿನದೇ ಬಣ್ಣ. ತಂದೆಗೆ ಏನೂ ತಿಳಿಯಲಿಲ್ಲ, ಆದರೂ ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಾಣಲಿಲ್ಲ.

ಪದವಿ ಮಾತ್ರ ಡಾಕ್ಟ್ರಮ್ಮನ ಕೈಗೆ ಬರಲೇ ಇಲ್ಲ. ಕೆಲಸ ಇನ್ನೂ ಅರ್ಧದಲ್ಲಿರುವಾಗ ಕಾಯಿಲೆ ಬಿದ್ದರು. ಬಿಕರ್ನಕಟ್ಟೆಯ ಇಗರ್ಜಿಗೆ ಹೋಗಿ ಅವರಿಗಾಗಿ ಮೇಣದ ಬತ್ತಿ ಹಚ್ಚಿ ಬಂದೆ. ಮುಸಲ್ಮಾನನಿಗೆ ಅಲ್ಲೇನು ಕೆಲಸ ಎಂದು ನಮ್ಮವರು ಯಾರೂ ನನ್ನನ್ನು ಕೇಳಲಿಲ್ಲ. ಆ ಮಳೆಗಾಲ ಕಳೆಯುವ ಮೊದಲೇ ಅವರು ಹೋದರು. ನನ್ನ ಮಗಳಿಗೆ ಆಗ ಮಾತು ಬರುತ್ತಿತ್ತಷ್ಟೆ.

ಎಷ್ಟೋ ಶನಿವಾರ ಕೊಡೆ ಊರುವ ಸದ್ದಿಗೆ ನಾನು ತಲೆಯೆತ್ತಿದ್ದೇನೆ. ಬರುವವರು ಬೇರೆ ಯಾರೋ. ಆ ನಗು ಇನ್ನೊಮ್ಮೆ ಕೇಳಬೇಕೆಂದು ಈ ವಯಸ್ಸಿನಲ್ಲೂ ಜೀವ ಹಂಬಲಿಸುತ್ತದೆ.

ಕೊನೆಗಾಲದಲ್ಲಿ ತಂದೆಗೆ ಮರೆವು ಹೆಚ್ಚಾಯಿತು. ಒಮ್ಮೆ ಆಟಿಯಲ್ಲಿ ಬುಟ್ಟಿ ಬಿಚ್ಚಿದ ಆಳು, "ಹುಳ ಬಿದ್ದಿದೆ, ಬಿಸಾಡಲಾ?" ಎಂದು ಕೂಗಿದ. ಅರೆನಿದ್ದೆಯಲ್ಲಿದ್ದ ತಂದೆ ದಡಕ್ಕನೆ ಎದ್ದು ಕೂತರು.

"ಬಿಸಾಡಬೇಡ. ಡಾಕ್ಟ್ರಮ್ಮ ಬರ್ತಾರೆ, ಅವರಿಗೆ ಬೇಕು."

ಆಳು ನನ್ನ ಮುಖ ನೋಡಿದ. ನಾನು ಅವನ ಕೈಯಿಂದ ಮೀನು ತೆಗೆದುಕೊಂಡು, ಎಂದಿನಂತೆ ಕಟ್ಟು ಕಟ್ಟಿ, ಬದಿಗಿಟ್ಟೆ.