ಬಾಸ್ಕಿಂಗ್ ರಿಡ್ಜಿನ ಮಡಿಯಜ್ಜಿ

ಮೈಸೂರಿನ ಒಂಟಿಕೊಪ್ಪಲಿನ ವಿಜಿ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್ ಎಂಬ ಊರಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಅತ್ತೆಯ ಮಡಿಯನ್ನು ಧಿಕ್ಕರಿಸಿಯೇ ಬಾಳಿದ ಹೆಂಗಸು. ತಿಂಗಳ ಆ ದಿನಗಳಲ್ಲಿ ಹೊರಗೆ ಕೂರು ಎಂದರೆ ಸೀದಾ ಅಡುಗೆಮನೆಗೆ ನಡೆದು ಕಾಫಿ ಬೆರೆಸಿಕೊಂಡು ಕುಡಿದ ಸೊಸೆ. ಅಂಥವಳು ಅರವತ್ತು ಕಳೆದ ಮೇಲೆ ಇಡೀ ಬಾಸ್ಕಿಂಗ್ ರಿಡ್ಜಿಗೆ ಮಡಿ ಹೇಳತೊಡಗಿದಳು. ಗೆಳತಿಯರು ಮಡಿಯಜ್ಜಿ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವಳಿಗೆ ಅದನ್ನೆಲ್ಲ ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ.

ಕಾರಣ ಹಂಸಿನಿ, ಮಗಳು ಧೃತಿಯ ಚೊಚ್ಚಲ ಕೂಸು. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲೇ ಏನೋ ಸರಿಯಿಲ್ಲ ಎಂದು ಗೊತ್ತಾಯಿತು. ಎದೆಯ ಮೂಳೆಯ ಹಿಂದೆ ಇರಬೇಕಾದ ಥೈಮಸ್ ಎಂಬ ಪುಟ್ಟ ಗ್ರಂಥಿ ಇವಳಿಗೆ ಇರಲೇ ಇಲ್ಲ. ರೋಗದೊಡನೆ ಕಾದಾಡುವ ಒಂದು ಬಗೆಯ ರಕ್ತಕಣಗಳು ಪಳಗುವುದೇ ಅಲ್ಲಿ. ಅದಿಲ್ಲದ ಮಗುವಿಗೆ ಊರವರ ಮಾಮೂಲಿ ನೆಗಡಿಯೂ ಪ್ರಾಣಕ್ಕೆ ಕುತ್ತು. ದಾರಿ ಒಂದೇ ಇತ್ತು. ಹೃದಯದ ಆಪರೇಷನ್ ಮಾಡುವಾಗ ಬೇರೆ ಕೂಸುಗಳ ಎದೆಯಿಂದ ತೆಗೆದ ಥೈಮಸ್ಸಿನ ಚೂರುಗಳನ್ನು ಪ್ರಯೋಗಾಲಯದಲ್ಲಿ ಪೋಷಿಸಿ, ಹಂಸಿನಿಯ ತೊಡೆಯ ಸ್ನಾಯುವಿನಲ್ಲಿ ಇಡಬೇಕು. ಅದಕ್ಕಾಗಿ ದೂರದ ನಾರ್ತ್ ಕೆರೊಲಿನಾಕ್ಕೆ ಹೋಗಬೇಕು. ಸರದಿ ಬರುವವರೆಗೆ ಮಗುವಿಗೆ ಸೋಂಕು ತಗಲಕೂಡದು.

ನಾದಿನಿ ಫೋನಿನಲ್ಲಿ ಪೂರ್ವಜನ್ಮದ ಕರ್ಮ ಎಂದು ರಾಗ ತೆಗೆದಳು. "ಇವಳಿಗೆ ಇಲ್ಲದೇ ಇರೋದು ಥೈಮಸ್ ಒಂದೇ. ಕರ್ಮ ಗಿರ್ಮ ಎಲ್ಲಾ ನೀವೇ ಇಟ್ಕೊಳಿ" ಎಂದು ವಿಜಿ ಫೋನಿಟ್ಟಳು.

ಧೃತಿಯೂ ಅಳಿಯ ನೀರಜನೂ ಮಗುವಿನೊಡನೆ ವಿಜಿಯ ಮನೆಯ ಮಹಡಿಯ ಕೋಣೆ ಸೇರಿದರು. ಕೆಳಗೆ ಬಾಗಿಲು ಕಾಯುವ ಕೆಲಸ ವಿಜಿಯದು. ಮಗು ನೋಡಲು ಬರುವುದು, ಕೈಗೆ ಬೆಳ್ಳಿಯದೇನಾದರೂ ಇಟ್ಟು ಎತ್ತಿ ಮುದ್ದಾಡುವುದು ನಮ್ಮವರಿಗೆ ಬಿಟ್ಟೂ ಬಿಡದ ಪದ್ಧತಿ. ಹಳೆಯ ಗೆಳತಿ ಅಲಮೇಲು ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ಹಿಡಿದು ಬಂದೇಬಿಟ್ಟಳು.

"ಒಂದೇ ನಿಮಿಷ ವಿಜಿ. ಸ್ನಾನ ಮಾಡ್ಕೊಂಡೇ ಬಂದಿದೀನಿ."

"ಇನ್ನೊಂದ್ ಸಲ ಮಾಡ್ಕೊಂಡ್ ಬಂದ್ರೂ ಒಳಗೆ ಬಿಡಲ್ಲ."

"ನಾಮಕರಣಕ್ಕೂ ಕರೀಲಿಲ್ಲ. ಇಷ್ಟು ವರ್ಷದ ಸ್ನೇಹಕ್ಕೆ ಇದೇನಾ ಮರ್ಯಾದೆ?"

"ಮರ್ಯಾದೆ ಆಮೇಲೆ ಮಾಡ್ತೀನಿ. ಮಗು ಮೊದ್ಲು ಉಳ್ಕೊಳ್ಲಿ."

ಅಲಮೇಲು ಮುಖ ಊದಿಸಿಕೊಂಡು ಕಾರು ಹತ್ತಿದಳು. ವಿಜಿಯ ಗಂಡ ಕೃಷ್ಣಸ್ವಾಮಿ ಆ ಕಾರು ಹೋಗುವುದನ್ನು ಕಿಟಕಿಯಿಂದ ನೋಡಿದ. ಊರಿನವರನ್ನೆಲ್ಲ ಹೀಗೆ ಎದುರು ಹಾಕಿಕೊಂಡರೆ ಹೇಗೆ ಎಂದು ಗೊಣಗಿದ. ಹೊರಗೆ ಹೋಗಿ ಬಂದವನು ಸ್ನಾನವಾಗದೆ ಸೋಫಾದ ಮೇಲೆ ಕೂತಿದ್ದಕ್ಕೆ ಅವನಿಗೂ ಬೈಗುಳ ಬಿತ್ತು.

ಧೃತಿ ನಿದ್ದೆಯಿಲ್ಲದೆ ತೂಕಡಿಸುವಾಗ ಮಗುವನ್ನು ನೋಡಿಕೊಳ್ಳುವುದು ವಿಜಿಯ ಪಾಲಿಗೆ ಬರುತ್ತಿತ್ತು. ತಲೆಗೆ ಸ್ನಾನ ಮಾಡಿ, ಮಾಸ್ಕ್ ಹಾಕಿ, ಗ್ಲೌಸ್ ತೊಟ್ಟು, ಅತ್ತೆ ಕೊಟ್ಟ ಪಟ್ಟೆಮಡಿ ಸೀರೆ ಉಟ್ಟು ಮಹಡಿ ಹತ್ತುತ್ತಿದ್ದಳು. ಅಷ್ಟೆಲ್ಲ ಮಡಿಯನ್ನು ಒದ್ದವಳ ತಲೆಯೊಳಗೆ ಅತ್ತೆಯ ಒಂದು ಮಾತು ಮಾತ್ರ ಅಲುಗದೆ ಕೂತುಬಿಟ್ಟಿತ್ತು. ರೇಷ್ಮೆಗೆ ಮೈಲಿಗೆಯಿಲ್ಲ, ಒಗೆಯಬೇಕಾಗಿಲ್ಲ.

ನಾರ್ತ್ ಕೆರೊಲಿನಾದಿಂದ ಕರೆ ಬಂದ ವಾರದಲ್ಲೇ ಹಂಸಿನಿಗೆ ಜ್ವರ ಬಂತು. ಆಸ್ಪತ್ರೆಗೆ ಓಡಿದರು. ಸರದಿ ಮುಂದಕ್ಕೆ ಹೋಯಿತು. ಮನೆಯಲ್ಲಿ ಮಗುವಿಗೆ ಏನೇನು ತಾಕುತ್ತದೆ ಎಂದು ಡಾಕ್ಟರು ಒಂದೊಂದಾಗಿ ಕೇಳಿದಾಗ ಧೃತಿಗೆ ಸೀರೆಯ ನೆನಪಾಯಿತು.

"ಅಮ್ಮ, ಆ ಸಿಲ್ಕ್ ಸ್ಯಾರಿ ಲಾಸ್ಟ್ ಯಾವಾಗ ವಾಶ್ ಮಾಡಿದ್ದು?"

"ಪಟ್ಟೆ ಸೀರೇನ ಯಾರಾದ್ರೂ ಒಗೀತಾರೇನೆ?"

"ಇಟ್ಸ್ ನೆವರ್ ಬೀನ್ ವಾಶ್ಡ್?"

ಜ್ವರ ಅದರಿಂದಲೇ ಬಂತೆಂದು ಹೇಳಲಾಗದು ಎಂದರು ಡಾಕ್ಟರು. ಅಲ್ಲವೆಂದೂ ಹೇಳಲಿಲ್ಲ. ಧೃತಿ, ಇನ್ನು ನೀನು ಕೋಣೆಯೊಳಗೆ ಬರಬೇಡ ಎಂದಳು. ಆಯ್ತು ಕಣೆ ಎಂದಳು ವಿಜಿ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಬಂದು ಅಲಮೇಲುವಿಗೆ ಫೋನ್ ಹಚ್ಚಿ, ಮಗುವಿರುವ ಮನೆಗೆ ಯಾರೂ ರೇಷ್ಮೆ ಉಟ್ಟು ಹೋಗಬೇಡಿ, ನಾನೇ ಪೆದ್ದಿಯ ಹಾಗೆ ಉಟ್ಟಿದ್ದೆ ಎಂದು ನಾಲ್ಕು ಜನಕ್ಕೆ ತಿಳಿಯುವಂತೆ ಹೇಳಿದಳು. ನಾಚಿಕೆಯಾಗಲಿಲ್ಲವೇ ಎಂದ ಗಂಡನಿಗೆ, "ಆಯ್ತು. ನಾಚ್ಕೊಂಡ್ ಮೂಲೇಲಿ ಕೂತ್ರೆ ಬಾಗ್ಲು ಕಾಯೋರು ಯಾರು?" ಎಂದಳು.

ಪುಣ್ಯಕ್ಕೆ ಜ್ವರ ಔಷಧಿಗೆ ಬಗ್ಗಿತು. ಸರದಿ ಮತ್ತೆ ಬಂತು. ವಿಜಿ ಮತ್ತು ಕೃಷ್ಣಸ್ವಾಮಿ ಬೇರೆ ಕಾರಿನಲ್ಲಿ ಹಿಂದೆಯೇ ಹೋದರು. ಹೆಸರು ಗೊತ್ತಿಲ್ಲದ ಯಾವುದೋ ಕೂಸಿನ ಥೈಮಸ್ ಚೂರುಗಳು ಹಂಸಿನಿಯ ತೊಡೆ ಸೇರಿದವು. ಆ ಕೂಸು ಎಲ್ಲಿದ್ದರೂ ಚೆನ್ನಾಗಿರಲಿ ಎಂದು ವಿಜಿ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಕೈಮುಗಿದಳು.

ಇಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಕಣಗಳು ಪಳಗಲು ತಿಂಗಳುಗಟ್ಟಲೆ ಬೇಕು. ಆಪರೇಷನ್ ಆಯಿತಲ್ಲ, ಯುಗಾದಿ ಊಟಕ್ಕೆ ಕರೆತನ್ನಿ ಎಂದವರಿಗೆಲ್ಲ ವಿಜಿ ಇಲ್ಲವೆಂದಳು. ದೀಪಾವಳಿಗೂ ಇಲ್ಲ, ಮರುವರ್ಷದ ಯುಗಾದಿಗೂ ಇಲ್ಲ. ತಾನೂ ಕೋಣೆಯ ಹೊಸ್ತಿಲಾಚೆಯೇ ನಿಂತಳು. ರಕ್ತದಲ್ಲಿ ಕಣಗಳು ಕಾಣಿಸಿಕೊಂಡು, ಇನ್ನು ಪರವಾಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಧೃತಿಯೇ ಅಮ್ಮನ ಕೈಹಿಡಿದು ಒಳಗೆ ಕರೆದಳು.

ಮಗು ಅಂಗಳಕ್ಕೆ ಇಳಿದು ಓಡಾಡತೊಡಗಿದ ಚಳಿಗಾಲದಲ್ಲಿ ಅದಕ್ಕೆ ನೆಗಡಿಯಾಯಿತು. ಮೂಗು ಸೋರಿತು, ಮೈ ಬೆಚ್ಚಗಾಯಿತು. ವಿಜಿ ಕಾರಿನ ಕೀ ಹಿಡಿದು ನಿಂತಳು. ಡಾಕ್ಟರು ಪರೀಕ್ಷಿಸಿ, ಮನೆಯಲ್ಲೇ ಇರಲಿ, ಈ ನೆಗಡಿಯನ್ನು ಹಂಸಿನಿಯ ಮೈಯೇ ಎದುರಿಸಲಿ ಎಂದು ಕಳಿಸಿದರು. ಬೈದು ಓಡಿಸಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಮಾಡಲು ಕೆಲಸವಿಲ್ಲದೆ ವಿಜಿ ತೊಟ್ಟಿಲ ಪಕ್ಕ ಕೂತಳು. ಇಷ್ಟು ಹೆದರಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ವಾರ ಕಳೆಯುವುದರೊಳಗೆ ಮೈ ತಣ್ಣಗಾಯಿತು. ಹಂಸಿನಿ ಎದ್ದು ನಿಂತು, ತೊಟ್ಟಿಲ ಕಂಬಿ ಅಲುಗಿಸುತ್ತ, ಮಮ್ಮು ಎಂದು ಕಿರುಚಿದಳು. ವಿಜಿ ಬರಿಗೈಯಿಂದ ಅದರ ಮೂಗು ಒರೆಸಿದಳು.

"ಪಾಪ, ಎಷ್ಟು ಸೊರಗಿಹೋಗಿದೆ ಮಗು" ಎಂದ ಕೃಷ್ಣಸ್ವಾಮಿ.

"ಪಾಪ ಗೀಪ ಅನ್ಬೇಡಿ ಅವಳನ್ನ" ಎಂದಳು ವಿಜಿ, ಕಣ್ಣೀರು ಸುರಿಯುತ್ತಿದ್ದರೂ ದನಿ ಇಳಿಸದೆ. "ನೆಗಡೀನ ತಾನೇ ಹೊಡೆದು ಓಡಿಸಿದಾಳೆ."