ಕಿಣ್ವದ ಎರಡನೆಯ ಕೆಲಸ

ನಾನು ಜೀವಮಾನವೆಲ್ಲ ಕೆಲಸ ಮಾಡಿದ್ದು ಒಂದೇ ಒಂದು ಕಿಣ್ವದ ಮೇಲೆ. ಬನಶಂಕರಿಯ ನಮ್ಮ ಬೀದಿಯವರು "ಮೇಡಂ, ಯಾವ ಕಾಯಿಲೆಗೆ ಔಷಧಿ ಕಂಡುಹಿಡೀತಿದ್ದೀರಿ?" ಎಂದು ಕೇಳಿದರೆ ಏನು ಹೇಳಬೇಕೆಂದು ಇವತ್ತಿಗೂ ತೋಚುವುದಿಲ್ಲ. ಜೀವಕೋಶದೊಳಗೆ ಪ್ರೋಟೀನು ತಯಾರಾಗುವಾಗ ಅಮೈನೋ ಆಮ್ಲಗಳು ಒಂದರ ಹಿಂದೊಂದು ಸರಪಳಿಯಾಗಿ ಸೇರಬೇಕು. ಅವುಗಳನ್ನು ಹೊತ್ತು ತರಲು ಪುಟ್ಟ ಪುಟ್ಟ ಆರ್‌ಎನ್‌ಎಗಳಿವೆ. ಯಾವುದರ ಮೇಲೆ ಯಾವ ಆಮ್ಲವನ್ನು ಹೊರಿಸಬೇಕೆಂದು ನೋಡಿಕೊಳ್ಳುವುದು ಕಿಣ್ವಗಳು. ಅವುಗಳಲ್ಲೊಂದು ನನ್ನ ಪಾಲಿಗೆ ಬಂದಿತ್ತು.

ಪಿಎಚ್‌.ಡಿ. ಮಾಡುವಾಗ ಆ ಕಿಣ್ವವನ್ನು ಮೇಕೆಯ ಲಿವರ್‌ನಿಂದ ತೆಗೆಯುತ್ತಿದ್ದೆವು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ, ಮೊಟ್ಟೆಯೂ ಹೊಸಿಲು ದಾಟಿರಲಿಲ್ಲ. ವಾರಕ್ಕೆರಡು ಬೆಳಿಗ್ಗೆ ನಾನು ಮಟನ್ ಅಂಗಡಿಯ ಮುಂದೆ ಐಸ್ ಡಬ್ಬ ಹಿಡಿದು ನಿಲ್ಲುತ್ತೇನೆಂದು ಅಮ್ಮನಿಗೆ ಗೊತ್ತಾಯಿತು. ಮರುದಿನ ಬಚ್ಚಲಿನಲ್ಲಿ ನನಗೆಂದೇ ಬೇರೆ ಟವೆಲ್ ನೇತುಹಾಕಿದ್ದಳು. "ಮಾಡೋದು ಮಾಡು. ಸ್ನಾನ ಮಾಡ್ದೆ ಒಲೆ ಹತ್ರ ಬರ್ಬೇಡ" ಎಂದಳು, ಅಷ್ಟೇ.

ನನ್ನ ಗೈಡ್ ಕಡಿಮೆ ಮಾತಿನ ಮನುಷ್ಯ. ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಓದಿ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದರು. ಮೂರನೆಯ ವರ್ಷ ನಮಗೊಂದು ಅಚ್ಚರಿ ಕಾಣಿಸಿತು. ಕಿಣ್ವ ತನ್ನ ಮಾಮೂಲಿ ಕೆಲಸದ ಜೊತೆ ಇನ್ನೊಂದನ್ನೂ ಮಾಡುತ್ತಿತ್ತು: ಬೇರೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಇಡೀ ಪ್ರೋಟೀನು ತಯಾರಿಕೆಯನ್ನೇ ನಿಧಾನ ಮಾಡುತ್ತಿತ್ತು. ಒಂದೇ ಕಿಣ್ವಕ್ಕೆ ಎರಡು ಕೆಲಸ. ದೊಡ್ಡ ಜರ್ನಲ್ ಒಂದರಲ್ಲಿ ನಮ್ಮ ಪ್ರಬಂಧ ಬಂತು. ಅದರಿಂದ ನನಗೆ ಕೆಲಸ ಸಿಕ್ಕಿತು, ಸ್ವಂತ ಪ್ರಯೋಗಾಲಯ ಸಿಕ್ಕಿತು. ಗೈಡ್‌ಗೆ ನಿವೃತ್ತಿಯ ದಿನ ಹೊದಿಸಿದ ಶಾಲಿನ ಜೊತೆ ಓದಿದ ಭಾಷಣದಲ್ಲೂ ಅದೇ ಪ್ರಬಂಧದ ಮಾತಿತ್ತು.

ಹಾಗೆ ಸುಮಾರು ಇಪ್ಪತ್ತೈದು ವರ್ಷ ಕಳೆದವು.

ಆಮೇಲೆ ಗೊಟ್ಟಿಗೆರೆಯ ಹುಡುಗಿಯೊಬ್ಬಳು ನನ್ನಲ್ಲಿ ಪಿಎಚ್‌.ಡಿ.ಗೆ ಸೇರಿದಳು. ಅವಳ ತಾತ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಅಪ್ಪ ಆ ಹೊಲದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟವರು. ಮನೆಯಲ್ಲಿ ಇಷ್ಟು ಓದಿದವಳು ಅವಳೊಬ್ಬಳೇ. ಅಷ್ಟರಲ್ಲಿ ಲಿವರ್ ತರುವ ಕಾಲ ಹೋಗಿತ್ತು. ಕಿಣ್ವದ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದೇ ಕಿಣ್ವವನ್ನು ಬೇಕಾದಷ್ಟು ತಯಾರಿಸಿ ಕೊಡುತ್ತದೆ. ಅವಳು ಹಾಗೆ ತಯಾರಿಸಿದ ಕಿಣ್ವ ಮೊದಲನೆಯ ಕೆಲಸವನ್ನು ಚೆನ್ನಾಗಿ ಮಾಡಿತು. ಎರಡನೆಯದನ್ನು ಮಾಡಲೇ ಇಲ್ಲ.

ಎಂಟು ತಿಂಗಳು ಮತ್ತೆ ಮತ್ತೆ ಮಾಡಿಸಿದೆ. ನೀರು ಬದಲಿಸು, ಉಪ್ಪು ಬದಲಿಸು, ಬ್ಯಾಕ್ಟೀರಿಯಾದಲ್ಲಿ ಅದು ಸರಿಯಾದ ಆಕಾರಕ್ಕೆ ಮಡಚಿಕೊಂಡಿರಲಿಕ್ಕಿಲ್ಲ, ಬೇರೆ ಕೋಶದಲ್ಲಿ ಮಾಡು ಎಂದೆ. ಎಲ್ಲವನ್ನೂ ಮಾಡಿದಳು. ಕೊನೆಗೊಂದು ಸೋಮವಾರ, ಎಲ್ಲರೂ ಕೂತಿದ್ದ ಮೀಟಿಂಗಿನಲ್ಲಿ ಮೆಲ್ಲಗೆ ಕೇಳಿದಳು:

"ಮೇಡಂ, ಒಂದ್ಸಲ ಲಿವರ್‌ನಿಂದಾನೇ ತೆಗೆದು, ಇನ್ನೊಂದು ಕಾಲಂ ಜಾಸ್ತಿ ಹಾಕಿ ನೋಡೋಣ್ವಾ? ಜೊತೇಲಿ ಬೇರೆ ಏನಾದ್ರೂ ಬರ್ತಿತ್ತೇನೋ."

ಕಾಲಂ ಎಂದರೆ ಪ್ರೋಟೀನುಗಳನ್ನು ಸೋಸಿ ಬೇರೆ ಮಾಡುವ ಗಾಜಿನ ಕೊಳವೆ. ಇನ್ನೊಂದು ಕಾಲಂ ಹಾಕೋಣ ಎಂದರೆ ನಾವು ಅಂದು ತೆಗೆದ ಕಿಣ್ವ ಶುದ್ಧವಾಗಿರಲಿಲ್ಲ ಎಂದಂತೆ.

"ಆ ಕಿಣ್ವಾನ ನಾನು ಮೂರು ವರ್ಷ ಈ ಕೈಲಿ ತೆಗ್ದಿದ್ದೀನಿ," ಎಂದೆ. "ಅದರಲ್ಲಿ ತಪ್ಪಿಲ್ಲ. ತಪ್ಪಿರೋದು ನಿನ್ನ ಕೈಲಿ. ಬೆಂಚ್ ಕೆಲಸ ಎಲ್ಲರಿಗೂ ಬರಲ್ಲ."

ಅವಳು ತಲೆ ತಗ್ಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಮರುದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಅವಳಿಗೆ ತೋರಿಸಿಕೊಡುತ್ತೇನೆಂಬ ಹಟದಲ್ಲೇ ನಾನು ಮತ್ತೆ ಪ್ರಯೋಗದ ಬೆಂಚಿಗೆ ನಿಂತೆ. ಒಳ್ಳೆಯ ಮನಸ್ಸಿನಿಂದ ಶುರು ಮಾಡಿದೆ ಎಂದು ಹೇಳಿಕೊಳ್ಳಲಾರೆ. ಬಿಟಿಎಂ ಲೇಔಟಿನ ಮಟನ್ ಅಂಗಡಿಯೊಂದಕ್ಕೆ ಬೆಳಿಗ್ಗೆಯೇ ಹೋದೆ. ಅಂಗಡಿಯವನು "ಫ್ರೈಗಾ ಆಂಟಿ? ಪೀಸ್ ಮಾಡ್ಲಾ?" ಎಂದ. "ಬೇಡಪ್ಪ, ಇಡೀದಾಗೇ ಕೊಡು, ತೊಳೀಬೇಡ, ಈ ಐಸ್ ಮೇಲೆ ಹಾಕು" ಎಂದಾಗ ಅವನು ನನ್ನ ಮುಖವನ್ನೂ ಹಣೆಯ ವಿಭೂತಿಯನ್ನೂ ನೋಡಿ ಚಾಕು ಕೆಳಗಿಟ್ಟ.

ಕೋಲ್ಡ್ ರೂಮಿನಲ್ಲಿ ಹತ್ತು ದಿನ ಕೆಲಸ. ಬೆರಳು ಮರಗಟ್ಟುತ್ತಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ಹಳೆಯ ವಿಧಾನದಲ್ಲೇ ತೆಗೆದ ಕಿಣ್ವ ಎರಡೂ ಕೆಲಸ ಮಾಡಿತು. ಗೆದ್ದೆ ಎಂದುಕೊಂಡೆ. ಆಮೇಲೆ ಅವಳು ಹೇಳಿದ ಆ ಇನ್ನೊಂದು ಕಾಲಂ ಹಾಕಿದೆ. ಕೊಳವೆಯಿಂದ ಇಳಿಯುವ ಪ್ರೋಟೀನಿನ ಗ್ರಾಫು ಅಲ್ಲಿಯವರೆಗೆ ಒಂದೇ ದಿಬ್ಬವಾಗಿತ್ತು, ಈಗ ಎರಡು ದಿಬ್ಬವಾಗಿ ಒಡೆಯಿತು. ಮೊದಲನೆಯದರಲ್ಲಿ ನನ್ನ ಕಿಣ್ವವಿತ್ತು, ಮೊದಲನೆಯ ಕೆಲಸವಿತ್ತು. ಎರಡನೆಯ ಕೆಲಸವೆಲ್ಲ ಇನ್ನೊಂದು ದಿಬ್ಬದಲ್ಲಿತ್ತು. ಬೇರೊಂದು ಪ್ರೋಟೀನು ನನ್ನ ಕಿಣ್ವಕ್ಕೆ ಅಂಟಿಕೊಂಡು ಅಷ್ಟು ವರ್ಷ ಬಂದಿತ್ತು. ನಂಬಲಾರದೆ ಮತ್ತೆರಡು ಸಲ ಲಿವರ್ ತಂದು ಮಾಡಿದೆ. ಎರಡು ಸಲವೂ ಅದೇ.

ಸ್ಟೋರ್ ರೂಮಿನಿಂದ ಹಳೆಯ ನೋಟ್‌ಬುಕ್ಕು ತೆಗೆದು ನೋಡಿದೆ. ಆ ಕಾಲದ ಗ್ರಾಫಿನ ದಿಬ್ಬದ ಬಲಗಡೆ ಸಣ್ಣದೊಂದು ಉಬ್ಬು ಇತ್ತು. ಅದರ ಕೆಳಗೆ ನನ್ನದೇ ಅಕ್ಷರ: ಇನ್ನೊಂದು ಕಾಲಂ ಹಾಕಿ ನೋಡಬೇಕು. ಪಕ್ಕದಲ್ಲಿ ಗೈಡ್ ಹಾಕಿದ ಪೆನ್ಸಿಲ್ ಟಿಕ್. ಮುಂದಿನ ಪುಟದಲ್ಲಿ ಆ ಕಾಲಂ ಇರಲಿಲ್ಲ. ಅದರ ಮುಂದಿನ ಪುಟಗಳಲ್ಲೂ ಇರಲಿಲ್ಲ.

ಆ ಭಾನುವಾರ ಗೊಟ್ಟಿಗೆರೆಗೆ ಹೋದೆ. ಹುಡುಗಿಯ ಅಮ್ಮ ಗೇಟು ತೆಗೆದು, ಯಾರೆಂದು ತಿಳಿದ ಮೇಲೆ, ಒಳಗೆ ಕರೆಯಲೋ ಬೇಡವೋ ಎಂಬಂತೆ ಒಂದು ಗಳಿಗೆ ನಿಂತರು. ಆಮೇಲೆ "ಬನ್ನಿ ಮೇಡಂ" ಎಂದು ಕುರ್ಚಿ ಹಾಕಿದರು. ಹುಡುಗಿ ಬಂದು ಗೋಡೆಗೊರಗಿ ನಿಂತಳು.

"ನೀನು ಹೇಳಿದ್ದೇ ಸರಿ," ಎಂದೆ. "ಕಾಲಂ ಹಾಕ್ದೆ. ಎರಡು ಪೀಕ್ ಬಂತು. ಎಲ್ಲರ ಮುಂದೆ ಅಂದ ಮಾತನ್ನ ಎಲ್ಲರ ಮುಂದೇನೇ ವಾಪಸ್ ತಗೋತೀನಿ. ನನ್ನಿಂದ ತಪ್ಪಾಯ್ತು."

ಅವಳು ಕೇಳಿದ್ದು ಇಷ್ಟು: "ನೀವೇ ಕೋಲ್ಡ್ ರೂಮಲ್ಲಿ ನಿಂತ್ರಾ ಮೇಡಂ?"

"ಹೂಂ."

"ನನಗೆ ಒಂದ್ ಮಾತು ಹೇಳಿದ್ರೆ ಬರ್ತಿದ್ದೆ."

ಗುರುವಾರ ಅವಳು ಕೆಲಸಕ್ಕೆ ಬಂದಳು. ಮುಂದಿನ ಸೋಮವಾರದ ಮೀಟಿಂಗಿನಲ್ಲಿ ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ. ಮೊದಲಿನ ಸಲಿಗೆ ಮಾತ್ರ ಪೂರ್ತಿ ಮರಳಲಿಲ್ಲ. ಅದನ್ನು ಕೇಳುವ ಹಕ್ಕೂ ನನಗಿರಲಿಲ್ಲ.

ಉಳಿದದ್ದು ಗೈಡ್‌ಗೆ ಹೇಳುವುದು. ಅವರಿಗೆ ಎಂಬತ್ತು ದಾಟಿತ್ತು, ಜಯನಗರದಲ್ಲಿ ಮಗಳ ಸಂಸಾರದ ಜೊತೆಗಿದ್ದರು. ಪ್ರಬಂಧ ಹಿಂತೆಗೆದುಕೊಳ್ಳಬೇಕಾದರೆ ಅವರ ಸಹಿಯೂ ಬೇಕು. ಗೆಳತಿಯೊಬ್ಬಳು "ಈ ವಯಸ್ಸಲ್ಲಿ ಯಾಕೆ ಅವರಿಗೆ ನೋವು ಕೊಡ್ತೀಯ, ಸ್ವಲ್ಪ ದಿನ ತಡಿ" ಎಂದಿದ್ದಳು. ಸ್ವಲ್ಪ ದಿನ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹಾಗೆ ಕಾಯುವುದು ನನ್ನಿಂದಾಗಲಿಲ್ಲ, ಹಳೆಯ ನೋಟ್‌ಬುಕ್ಕು ಹಿಡಿದು ಅವರ ಮನೆಗೆ ಹೋದೆ.

ನಾನು ಹೇಳುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಂತರ ಯಾವ ಕಾಲಂ, ಎಷ್ಟು ಉಪ್ಪು, ಎಷ್ಟು ಸಲ ಮಾಡಿದೆ ಎಂದು ಒಂದೊಂದಾಗಿ ಕೇಳಿದರು. ನೋಟ್‌ಬುಕ್ಕನ್ನು ಕೈಗಿಟ್ಟೆ. ಭೂತಗನ್ನಡಿ ಹಿಡಿದು ಆ ಸಾಲನ್ನು ಓದಿದರು. ತಮ್ಮ ಟಿಕ್ಕಿನ ಮೇಲೆ ಬೆರಳಿಟ್ಟರು.

"ಇದನ್ನ ಮಾಡ್ಬೇಡ ಅಂದಿದ್ದು ನಾನೇ ಅಲ್ವೇನಮ್ಮ?"

"ನನಗೆ ನೆನಪಿಲ್ಲ ಸರ್. ನಾನೇ ಬಿಟ್ಟಿರ್ಬೇಕು."

"ನನಗೆ ನೆನಪಿದೆ. ಬೇರೆ ದೇಶದವರು ಮೊದಲು ಬರೆದುಬಿಡ್ತಾರೆ ಅಂತ ಅವಸರ ಇತ್ತು. ಆಮೇಲೆ ಮಾಡೋಣ ಅಂದೆ." ನೋಟ್‌ಬುಕ್ಕು ಮುಚ್ಚಿ, "ಆಮೇಲೆ ನಾನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ" ಎಂದರು.

ಮಗಳು ಕಾಫಿ ತಂದಿಟ್ಟರು. ಅವರು ಮುಟ್ಟಲಿಲ್ಲ. ಪ್ರಬಂಧ ಹಿಂತೆಗೆದುಕೊಳ್ಳುವ ಪತ್ರವನ್ನು ಮೂರು ಸಲ ಓದಿಸಿಕೊಂಡು ಸಹಿ ಹಾಕಿದರು. "ತಪ್ಪು ಕಂಡುಹಿಡಿದ ಹುಡುಗಿ ಹೆಸರು ಇದರಲ್ಲಿ ಎಲ್ಲೂ ಇಲ್ಲವಲ್ಲ. ಮೊದಲನೇ ಸಾಲಲ್ಲೇ ಹಾಕು" ಎಂದರು. ಹೊಸದಾಗಿ ಬರೆದು ಸಂಜೆ ಮತ್ತೆ ಹೋಗಿ ಸಹಿ ಹಾಕಿಸಿಕೊಂಡೆ. ಹೊರಡುವಾಗ ಬಾಗಿಲವರೆಗೆ ಬಂದರು. ಮೊದಲೆಲ್ಲ ಹಾಗೆ ಬರುವ ರೂಢಿ ಅವರಿಗಿರಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು. ಆ ಪತ್ರದಿಂದ ಅವರ ಆಯಸ್ಸು ಕಡಿಮೆಯಾಯಿತೇ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅವರ ಮಗಳು ಹಾಗೇನಿಲ್ಲ ಎನ್ನುತ್ತಾರೆ.

ಪತ್ರ ಅಚ್ಚಾಯಿತು, ಅರ್ಧ ಪುಟ. ನಾನು ಹೆದರಿದಷ್ಟು ಗದ್ದಲವಾಗಲಿಲ್ಲ. ಕೆಲವರು ಫೋನ್ ಮಾಡಿ ಧೈರ್ಯದ ಕೆಲಸ ಎಂದರು, ಕೆಲವರು ಮಾತು ಬಿಟ್ಟರು. ಅಂಟಿಕೊಂಡು ಬಂದಿದ್ದ ಪ್ರೋಟೀನೂ ಹೊಸದೇನಲ್ಲ, ಬೇರೆಯವರು ಎಂದೋ ವಿವರಿಸಿದ್ದದ್ದೇ. ಹುಡುಗಿಗೆ ಡಾಕ್ಟರೇಟ್ ಬಂತು. ಘಟಿಕೋತ್ಸವದ ವೇದಿಕೆಯಿಂದಿಳಿದವಳನ್ನು ಅವಳ ಅಪ್ಪ ನನ್ನ ಬಳಿಗೆ ಕರೆತಂದು ಕೈ ಮುಗಿದಾಗ ನಾನು ಅವರ ಕಣ್ಣನ್ನು ನೇರವಾಗಿ ನೋಡಲಾರದೆ ಹೋದೆ.

ತಿಂಗಳುಗಳ ನಂತರ ಗುರುತಿಲ್ಲದವರೊಬ್ಬರ ಇಮೇಲ್ ಬಂತು. ಹತ್ತು ಹನ್ನೆರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ನಮ್ಮ ಪ್ರಬಂಧವನ್ನೇ ನಂಬಿ ಪಿಎಚ್‌.ಡಿ. ಶುರು ಮಾಡಿದ್ದರಂತೆ. ಎರಡು ವರ್ಷ ಮಾಡಿದರೂ ಆ ಎರಡನೆಯ ಕೆಲಸ ಅವರಿಗೆ ಕಾಣಲಿಲ್ಲ. ಸಂಶೋಧನೆ ಬಿಟ್ಟು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. "ತಪ್ಪು ನನ್ನ ಕೈಯಲ್ಲೇ ಇದೆ ಎಂದುಕೊಂಡಿದ್ದೆ. ತಿಳಿಸಿದ್ದಕ್ಕೆ ವಂದನೆಗಳು" ಎಂದು ಬರೆದಿದ್ದರು. ಬೈದಿರಲಿಲ್ಲ.

ಉತ್ತರ ಬರೆಯಲು ಎರಡು ವಾರ ಹಿಡಿಯಿತು. ಏನು ಬರೆದರೂ ನೆಪದ ಹಾಗೆ ಕಾಣುತ್ತಿತ್ತು. ಕೊನೆಗೆ ಎಲ್ಲವನ್ನೂ ಅಳಿಸಿ, ನಿಮ್ಮ ಪ್ರಯೋಗ ಸರಿಯಾಗಿತ್ತು, ತಪ್ಪು ನಮ್ಮದು ಎಂದಷ್ಟೇ ಬರೆದು ಕಳಿಸಿದೆ.