ಜಂಬಪ್ಪನ ಪಾಲಿನ ತುತ್ತು

ನಾರಾಯಣಪೇಟೆಯ ಸಂತೆಗೆ ಒಣಮೀನು ತರುತ್ತಿದ್ದ ಮೊಗುಲಪ್ಪನನ್ನು ಜನ ‘ಜಪಾನಿ ಮೊಗುಲಪ್ಪ’ ಎಂದು ಕರೆಯುತ್ತಿದ್ದರು. ಹಾಗೆ ಕರೆದವರಲ್ಲಿ ಕುಹಕವೇನೂ ಇರಲಿಲ್ಲ. ಜೂರಾಲದ ಹತ್ತಿರ ಕೃಷ್ಣೆಯಲ್ಲಿ ಹರಿಗೋಲು ಹಾಕುವವರ ಮನೆಯಲ್ಲಿ ಹುಟ್ಟಿದವನು ನಿಜಾಮರ ಪಲ್ಟನ್ ಸೇರಿ, ಸಮುದ್ರ ದಾಟಿ, ಸಿಂಗಾಪುರದಲ್ಲಿ ಜಪಾನಿಯರ ಸೆರೆಸಿಕ್ಕು, ಮೂರೂವರೆ ವರ್ಷ ಕಳೆದು ಜೀವಂತ ತಿರುಗಿ ಬಂದನೆಂದರೆ ಜನರಿಗೆ ಅದು ಸಣ್ಣ ಮಾತಲ್ಲ. ಬಂದವನ ಸುತ್ತ ಕೂತು ಎಲ್ಲರೂ ಕೇಳುತ್ತಿದ್ದುದು ಒಂದೇ.

“ಅವರು ಹಸೀ ಮೀನ ತಿಂತಾರಂತಲ್ಲೋ, ಖರೇನ?”

“ಖರೆ.”

“ನೀ ತಿಂದೀಯೇನು?”

“ಒಂದ್ಸಲ,” ಎಂದು ಹೇಳಿ ಮೊಗುಲಪ್ಪ ತನ್ನ ಬುಟ್ಟಿಯ ಕಡೆ ತಿರುಗಿಬಿಡುತ್ತಿದ್ದ. 

ಪಲ್ಟನ್ನಿನಲ್ಲಿ ಅವನ ಜೊತೆಗಾರ ಜಂಬಪ್ಪ. ನಾರಾಯಣಪೇಟೆಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಕುರುಬರ ಹುಡುಗ. ಎತ್ತರದ ಆಳು, ಕುರಿ ಕರೆಯುವವರಂತೆ ನಾಲಿಗೆ ಮಡಿಚಿ ಸಿಳ್ಳೆ ಹಾಕಿದರೆ ಪರೇಡಿನ ಮೈದಾನವೆಲ್ಲ ತಿರುಗಿ ನೋಡಬೇಕು. ಉರ್ದು, ತೆಲುಗು, ಮರಾಠಿಗಳ ನಡುವೆ ತಮ್ಮ ಮನೆಮಾತಿನಲ್ಲಿ ಜಗಳವಾಡಲು ಅವರ ತುಕಡಿಯಲ್ಲಿ ಅವರಿಬ್ಬರೇ ಇದ್ದರು. ಅಷ್ಟರಿಂದಲೇ ಸ್ನೇಹ ಬೆಳೆದಿತ್ತು. ಹಡಗು ಹತ್ತುವ ಮೊದಲು ಜಂಬಪ್ಪನ ತಾಯಿ ಬುಗ್ಗಮ್ಮ ಹೈದರಾಬಾದಿನವರೆಗೂ ಬಂದು, ಮಗನಿಗೆ ಒಂದು ಕಂಬಳಿ ಕೊಟ್ಟು, ಮೊಗುಲಪ್ಪನ ಕೈ ಹಿಡಿದು, “ಇವನ ಹೊಟ್ಟಿ ಕಡೆ ನೋಡ್ತಿರಪ್ಪ. ಹಸಿವಾತು ಅಂತ ಬಾಯಿಬಿಟ್ಟು ಹೇಳೂದಿಲ್ಲ ಇವ,” ಎಂದಿದ್ದಳು.

ಸೆರೆಶಿಬಿರದ ಎರಡನೆಯ ವರ್ಷಕ್ಕೆ ಜಂಬಪ್ಪನ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತಿತ್ತು. ಹುಳು ಬಿದ್ದ ಅಕ್ಕಿಯ ಗಂಜಿ ದಿನಕ್ಕೆ ಎರಡು ಸಲ. ಕೆಲಸಕ್ಕೆ ಏಳಲಾಗದವರಿಗೆ ಅದರಲ್ಲೂ ಅರ್ಧ. ಆ ದಿನಗಳಲ್ಲೇ ಒಬ್ಬ ಜಪಾನಿ ಹವಾಲ್ದಾರ ಸಾಲಿನ ಮುಂದೆ ನಿಂತು, ಮೀನು ಕೊಯ್ಯುವಂತೆ ಕೈಸನ್ನೆ ಮಾಡಿ, ಬಲ್ಲವರು ಯಾರು ಎಂದು ಕೇಳಿದ. ಮೊಗುಲಪ್ಪ ಮುಂದೆ ಬಂದ.

ಕಡಲ ದಂಡೆಯಲ್ಲಿ ಯಾವುದೋ ಚೀನೀ ಸಾಹುಕಾರ ಬಿಟ್ಟು ಓಡಿದ ಮನೆಯನ್ನು ಜಪಾನಿಯರು ತಮ್ಮ ಅಫ್ಸರರಿಗಾಗಿ ಊಟದ ಹೋಟೆಲು ಮಾಡಿಕೊಂಡಿದ್ದರು. ಬಾಗಿಲಿಗೆ ಅಕ್ಷರ ಬರೆದ ನೀಲಿ ಬಟ್ಟೆಯ ತುಂಡುಗಳು ಇಳಿಬಿದ್ದಿರುತ್ತಿದ್ದವು. ಒಳಗೆ ಒಂದು ಉದ್ದನೆಯ ಮರದ ಹಲಗೆ. ಅದರ ಈಚೆ ಉಣ್ಣುವವರು, ಆಚೆ ಮೊರಿತಾ ಎಂಬ ನಡುವಯಸ್ಸಿನ ಅಡಿಗೆಯವನು. ಹುಳಿನೀರು ಕಲಸಿದ ಅನ್ನವನ್ನು ಅಂಗೈಯಲ್ಲಿ ಹೆಬ್ಬೆರಳಷ್ಟು ಉಂಡೆ ಒತ್ತಿ, ಮೇಲೆ ಹಸಿ ಮೀನಿನ ಹೋಳು ಹಾಸಿ ಹಲಗೆಯ ಮೇಲೆ ಇಡುವನು. ಅದನ್ನು ‘ಸೂಸಿ’ ಅನ್ನುತ್ತಾರೆಂದು ಮೊಗುಲಪ್ಪ ಕಿವಿಯಿಂದ ಕಲಿತ. ಅವನ ಜಾಗ ಹಿತ್ತಲು. ಮೀನಿನ ಹುರುಪೆ ಹೆರೆದು, ಹೊಟ್ಟೆ ಸೀಳಿ, ತೊಳೆದು ಕೊಡಬೇಕು. ತಿನ್ನುವ ಹಾಗಿಲ್ಲ, ಸಂಜೆ ಪಹರೆಯವನು ಬಾಯಿ ತೆರೆಸಿ ನೋಡುತ್ತಿದ್ದ. ಆದರೆ ಪಾತ್ರೆಯ ತಳಕ್ಕೆ ಹತ್ತಿದ ಅನ್ನವನ್ನು ಮೊಗುಲಪ್ಪ ಕೆರೆದು ನಡುಪಟ್ಟಿಯಲ್ಲಿ ಸುತ್ತಿಕೊಳ್ಳುವಾಗ ಮೊರಿತಾ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಆ ಅನ್ನವೆಲ್ಲ ಜಂಬಪ್ಪನಿಗೆ; ಕಾಲು ಬಾತ ಸ್ನೇಹಿತನೊಬ್ಬನಿದ್ದಾನೆಂದು ಮೊಗುಲಪ್ಪ ಮೊರಿತಾನಿಗೆ ಕೈಸನ್ನೆಯಲ್ಲೇ ತಿಳಿಸಿದ್ದ. ಸಂಜೆ ಮೊಗುಲಪ್ಪ ಕಾಣುತ್ತಲೇ ಜಂಬಪ್ಪ ಮೊಣಕೈ ಊರಿ ಏಳುತ್ತಿದ್ದ.

“ಏನ್ ತಂದಿ?”

ಒಂದು ಮಧ್ಯಾಹ್ನ ನಾಲ್ವರು ಅಫ್ಸರರು ಕುಡಿದು ಕೂತಿದ್ದರು. ನೀರು ತರಲು ಒಳಗೆ ಬಂದ ಮೊಗುಲಪ್ಪನ ಮೇಲೆ ಅವರ ಕಣ್ಣು ಬಿತ್ತು. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ನಕ್ಕರು. ಒಬ್ಬ ಎದ್ದು ಬಂದು ಇವನ ಭುಜ ಅದುಮಿ ಹಲಗೆಯ ಮುಂದೆ ಕೂರಿಸಿದ. ಊರಲ್ಲಿ ಮೊಗುಲಪ್ಪ ಹೋಟೆಲಿನ ಬೆಂಚಿನ ಮೇಲೆ ಕೂತವನೇ ಅಲ್ಲ. ಮಕ್ತಲ್‌ನ ಹೋಟೆಲಿನಲ್ಲಿ ಅವನು ಚಹಾ ಕುಡಿದದ್ದೆಲ್ಲ ಬಾಗಿಲ ಹೊರಗೆ ನಿಂತು. ಈಗ ಎದುರಿಗೆ ಒದ್ದೆ ಬಟ್ಟೆ, ಪುಟ್ಟ ಬಟ್ಟಲಲ್ಲಿ ಕಪ್ಪು ಉಪ್ಪುನೀರು, ತಟ್ಟೆಯಲ್ಲಿ ಸಾಲಾಗಿ ಸೂಸಿ. ಅವನು ವಾಂತಿ ಮಾಡುತ್ತಾನೋ ಇಲ್ಲವೋ ಎಂದು ಅವರು ಪಂಥ ಕಟ್ಟಿದ್ದಾರೆಂಬುದು ಭಾಷೆ ಬಾರದಿದ್ದರೂ ತಿಳಿಯಿತು.

ಮೊದಲನೆಯದನ್ನು ಬಾಯಿಗಿಟ್ಟಾಗ ಹಸಿರು ಬಣ್ಣದ ಅದೇನೋ ಖಾರ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಅಫ್ಸರರು ಹಲಗೆ ಬಡಿದು ನಕ್ಕರು. ಎರಡನೆಯದರಲ್ಲಿ ಅನ್ನದ ನಸುಹುಳಿ ತಿಳಿಯಿತು. ಅನ್ನ ಇನ್ನೂ ಕೈಯ ಬಿಸಿಯಷ್ಟು ಬೆಚ್ಚಗಿತ್ತು, ಮೀನು ತಣ್ಣಗಿತ್ತು. ಕೌಲು ವಾಸನೆ ಇಲ್ಲ, ಜಿಗುಟಿಲ್ಲ. ನಾಲಿಗೆ ಒತ್ತಿದರೆ ಸಾಕು, ಕರಗುತ್ತಿತ್ತು. ಹುಣಸೆ ಮತ್ತು ಮೆಣಸಿನಕಾಯಿಯಲ್ಲಿ ಕುದಿಸಿದ್ದನ್ನೇ ಮೀನು ಅಂದುಕೊಂಡಿದ್ದವನು ಮೊಗುಲಪ್ಪ. ಮೀನಿಗೆ ತನ್ನದೇ ಒಂದು ರುಚಿ ಇದೆಯೆಂದು ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನಿಗೆ ಅವತ್ತು ತಿಳಿಯಿತು. ಮೂರನೆಯದಕ್ಕೆ ಅವನಿಗೆ ಅಫ್ಸರರು ಮರೆತೇಹೋದರು. ಅವರು ನಗುವುದನ್ನು ಯಾವಾಗ ನಿಲ್ಲಿಸಿದರೋ, ಬೇಸರ ಬಂದು ಯಾವಾಗ ಎದ್ದು ಹೋದರೋ ಅವನು ನೋಡಲಿಲ್ಲ. ತಲೆ ಎತ್ತಿದಾಗ ತಟ್ಟೆ ಖಾಲಿಯಾಗಿತ್ತು, ಮೊರಿತಾ ಒಬ್ಬನೇ ಎದುರಿಗಿದ್ದ.

ಮೊರಿತಾ ಒಮ್ಮೆಯೂ ನಕ್ಕಿರಲಿಲ್ಲ. ಅವನು ಇನ್ನೂ ನಾಲ್ಕು ಸೂಸಿ ಒತ್ತಿ, ಬಾಳೆ ಎಲೆಯಲ್ಲಿ ಮಡಿಚಿ ಇವನ ಕೈಗಿಟ್ಟ. ತನ್ನ ಕಾಲನ್ನೇ ಬಾತುಕೊಂಡಂತೆ ತೋರಿಸಿ, “ತೊಮೊದಾಚಿ,” ಎಂದ. ಸ್ನೇಹಿತ ಎಂಬ ಆ ಒಂದು ಮಾತು ಮೊಗುಲಪ್ಪನಿಗೆ ಗೊತ್ತಿತ್ತು. ಅವತ್ತು ಪಹರೆಯವನಿಗೂ ಮೊರಿತಾ ಏನೋ ಹೇಳಿದ. ಅವನು ಬಾಯಿ ತೆರೆಸಲಿಲ್ಲ.

ಕೆಲಸ ಮುಗಿಸಿದ ಕೈದಿಗಳನ್ನು ಸಾಲಾಗಿ ಶಿಬಿರಕ್ಕೆ ನಡೆಸಿಕೊಂಡು ಹೋಗುವಾಗ ಮಧ್ಯೆ ಒಂದು ಸಣ್ಣ ಸೇತುವೆ. ಪಹರೆಯವನು ಗುರುತಿನವನೊಬ್ಬನನ್ನು ಕಂಡು ಸಿಗರೇಟು ಹಚ್ಚಿದ. ಎಲ್ಲರೂ ಸೇತುವೆಯ ಕಟ್ಟೆಯ ಮೇಲೆ ಕೂತರು. ಮೊಗುಲಪ್ಪ ಎಲೆ ಬಿಚ್ಚಿದ. ಕೆಟ್ಟಿದೆಯೇನೋ ನೋಡೋಣ ಎಂದುಕೊಂಡ. ಈ ಸೆಕೆಯಲ್ಲಿ ಹಸಿ ಮೀನು ಇನ್ನೊಂದು ಗಳಿಗೆ ತಡೆಯುವುದಿಲ್ಲ, ರೋಗಿಗೆ ಕೊಡಬಾರದು ಎಂದುಕೊಂಡು ಒಂದು ತಿಂದ. ಇಬ್ಬರಿಗೂ ಸಮ ಆಗಲಿ ಎಂದು ಎರಡನೆಯದು. ಮೂರನೆಯದಕ್ಕೆ ಮನಸ್ಸಿನಲ್ಲಿ ಯಾವ ನೆಪವೂ ಬರಲಿಲ್ಲ, ಆದರೂ ಕೈ ನಿಲ್ಲಲಿಲ್ಲ. ನಾಲ್ಕನೆಯದು ಮುಗಿದ ಮೇಲೆ ಎಲೆಯನ್ನು ಚರಂಡಿಗೆ ಬಿಟ್ಟ.

“ಏನ್ ತಂದಿ?” ಎಂದ ಜಂಬಪ್ಪ.

“ಇವತ್ತೇನೂ ಸಿಗ್ಲಿಲ್ಲೋ.”

“ಇರ್ಲಿ ಬಿಡು. ನೀನರ ಉಂಡೀಯಿಲ್ಲೋ?”

“ಇಲ್ಲ.”

“ನಾಳೆ ಸಿಗತೈತಿ,” ಎಂದು ಜಂಬಪ್ಪನೇ ಅವನಿಗೆ ಸಮಾಧಾನ ಹೇಳಿದ. ಐದನೆಯ ದಿನ ಸತ್ತ. ನಾಲ್ಕು ತುತ್ತಿನಿಂದ ಉಳಿಯುವ ಜೀವ ಅದಾಗಿರಲಿಲ್ಲ. ಮೊಗುಲಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದ ಏನೂ ಕಡಿಮೆಯಾಗಲಿಲ್ಲ.

ಯುದ್ಧ ಮುಗಿದು ಊರು ಸೇರಿದ ತಿಂಗಳಲ್ಲೇ ಅವನು ಬುಗ್ಗಮ್ಮನ ಮನೆಗೆ ಹೋದ. ಸಾವಿನ ಕಾಗದ ಮೊದಲೇ ಬಂದಿತ್ತು. ಬುಗ್ಗಮ್ಮ ಉಣ್ಣೆ ನೂಲುತ್ತಿದ್ದವಳು ಕದಿರು ಕೆಳಗಿಟ್ಟು ಅವನ ಮುಖವನ್ನೆಲ್ಲ ಸವರಿದಳು. ಹೇಗೆ ಸತ್ತ, ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳುತ್ತಾಳೆಂದು ಮೊಗುಲಪ್ಪ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದ. ಅವಳು ಅದನ್ನು ಕೇಳಲಿಲ್ಲ.

“ಕಡೀಕ ಏನ್ ಉಂಡನಪ್ಪ ನನ್ನ ಮಗ? ಹಸಗೊಂಡು ಹೋದನೇನು?”

“ಇಲ್ಲ ಯವ್ವ,” ಎಂದ ಮೊಗುಲಪ್ಪ. “ದೊಡ್ಡ ಹೋಟೆಲಿನಿಂದ ಮೀನ ಅನ್ನ ತಂದಿದ್ದೆ. ನಾನೇ ಕೈಯಾರೆ ತಿನಿಸಿದೆ. ಹೊಟ್ಟಿ ತುಂಬ ಉಂಡ.”

ಬುಗ್ಗಮ್ಮ ಬಹಳ ಹೊತ್ತು ಅತ್ತಳು. ಅಳು ನಿಂತಾಗ ಅವಳ ಮುಖ ಹಗುರಾಗಿತ್ತು. “ನಮ್ಮ ಬೀರಪ್ಪ ದೇವ್ರು ದೊಡ್ಡವ. ನಿನ್ನ ಕೈಯಾಗ ಇಟ್ಟಿದ್ದ ನನ್ನ ಮಗನ್ನ,” ಎಂದು, ಅವನು ಬೇಡವೆಂದರೂ ಬಿಡದೆ ರೊಟ್ಟಿ ತಟ್ಟಿದಳು.

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಅವಳು ಕಂಬಳಿ ಮಾರಲು ಬರುವಾಗ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು, ಮೊಗುಲಪ್ಪನನ್ನು ಎದುರಿಗೆ ಕೂರಿಸಿಕೊಂಡು ಉಣ್ಣಿಸುತ್ತಿದ್ದಳು. ಕಂಬಳಿ ಕೊಳ್ಳಲು ಬಂದವರಿಗೆ, “ಇವ ನನ್ನ ಜಂಬಪ್ಪಗ ಕಡೀ ತುತ್ತು ಉಣಿಸಿದವ ನೋಡ್ರಿ,” ಎಂದು ತೋರಿಸುತ್ತಿದ್ದಳು. ಮೊಗುಲಪ್ಪ ತಲೆ ತಗ್ಗಿಸಿ ಅಗಿಯುತ್ತಿದ್ದ. ಜನ ಅದನ್ನು ನಾಚಿಕೆ ಅಂದುಕೊಂಡರು. ಸಂತೆ ತಪ್ಪಿಸಬೇಕೆಂದು ಎಷ್ಟೋ ಸಲ ಅನ್ನಿಸಿತು. ತಪ್ಪಿಸಿದರೆ ಮುದುಕಿ ಬುತ್ತಿ ಹಿಡಿದು ದಾರಿ ನೋಡುತ್ತಾಳೆ ಎಂದು ಮತ್ತೆ ಹೊರಡುತ್ತಿದ್ದ.

ಆಮೇಲೆ ರಜಾಕಾರರ ಗದ್ದಲದ ದಿನಗಳು. ಸಂತೆ ನೆರೆಯುವುದೇ ಕಡಿಮೆಯಾಯಿತು. ಮಕ್ತಲ್ ಕಡೆಯ ಸಂಸಾರಗಳನ್ನು ಮೊಗುಲಪ್ಪ ಹರಿಗೋಲಿನಲ್ಲಿ ಗದ್ವಾಲಿನ ದಂಡೆಗೆ ದಾಟಿಸಿದ. ಅವರು ಅಲ್ಲಿಂದ ನಿಜಾಮರ ಗಡಿಯಾಚೆಯ ಕರ್ನೂಲಿನ ಹಾದಿ ಹಿಡಿಯುತ್ತಿದ್ದರು. ಭಾದ್ರಪದದಲ್ಲಿ ಹಿಂದೂಸ್ತಾನದ ದಂಡು ಬಂತು, ಐದೇ ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು. ಓಡಿಹೋದವರು ತಿರುಗಿ ಬಂದರು, ಅವರ ಭಯ ಮಾತ್ರ ಈಗ ಬೇರೆಯವರ ಮನೆಗೆ ಹೊಕ್ಕಿತು. ಮೊಗುಲಪ್ಪ ತನ್ನ ಪಲ್ಟನ್ನಿನ ಕೋಟನ್ನು ಯಾರ ಕಣ್ಣಿಗೂ ಬೀಳದಂತೆ ನದಿಗೆ ಹಾಕಿದ. ಸರ್ಕಾರವಿಲ್ಲದ ಮೇಲೆ ಅದರ ಪಲ್ಟನ್ನೂ ಇಲ್ಲ. ಸಿಪಾಯಿಗಳನ್ನೆಲ್ಲ ಮನೆಗೆ ಕಳಿಸಿದರು. ಹಾಗೆ ಬಂದವನು ನಾರಾಯಣಪೇಟೆಯ ಚಂದ್ರಯ್ಯ. ಬೇರೆ ತುಕಡಿಯವನಾದರೂ ಸಿಂಗಾಪುರದ ಶಿಬಿರದಲ್ಲಿ ಇವರ ಜೊತೆಗೇ ಇದ್ದವನು. ಯುದ್ಧದ ಮೇಲೂ ನೌಕರಿ ಬಿಡದೆ ಹೈದರಾಬಾದಿನಲ್ಲಿ ಉಳಿದಿದ್ದ. ಈಗ ಸಂತೆ ಬಯಲಿನ ಪಕ್ಕದಲ್ಲೇ ಚಹಾದ ಹೋಟೆಲು ಇಟ್ಟ.

ಮಗನ ಜೊತೆ ಇದ್ದ ಇನ್ನೊಬ್ಬ ಬಂದಿದ್ದಾನೆಂದು ತಿಳಿದ ಬುಗ್ಗಮ್ಮ ಸುಮ್ಮನಿರುವವಳೇ? ಸಂತೆಯ ದಿನ ಮೊಗುಲಪ್ಪನ ತೋಳು ಹಿಡಿದು ಎಳೆದುಕೊಂಡೇ ಹೋದಳು. ಚಂದ್ರಯ್ಯ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟ. ಜಂಬಪ್ಪನ ಸಿಳ್ಳೆಯ ಮಾತು ಬಂತು, ಅವನ ತುಂಟತನದ ಮಾತು ಬಂತು. ಮುದುಕಿ ನಕ್ಕಳು, ಕಣ್ಣೊರೆಸಿಕೊಂಡಳು. ಆಮೇಲೆ ಹೆಮ್ಮೆಯಿಂದ ಹೇಳಿದಳು:

“ಕಡೀಕ ಇವನ ಕೈಯಾಗ ಮೀನ ಅನ್ನ ಉಂಡು ಹೋದ ನನ್ನ ಮಗ. ದೊಡ್ಡ ಹೋಟೆಲಿನ ಊಟ ಅಂತ. ನಿಮಗೂ ಗೊತ್ತಿರಬೇಕಲ್ರಿ?”

ಚಂದ್ರಯ್ಯ ಕೆಟ್ಟವನಲ್ಲ, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಅವನು ನಕ್ಕುಬಿಟ್ಟ. “ಇವನ ಕೈಯಾಗ? ಏ ಅವ್ವಾ, ಆ ಪೊಟ್ಟಣ ಸೇತುವಿ ದಾಟಲೇ ಇಲ್ರಿ. ಕಟ್ಟಿ ಮ್ಯಾಲ ನನ್ನ ಬಾಜೂಕ ಕುಂತು ನಾಲ್ಕೂ ತಾನೇ ಮುಗಿಸಿದ ಇವ. ನನಗೊಂದು ಕೊಡೋ ಅಂದ್ರ ಈ ಕಡೆ ತಿರುಗಿ ಸೈತ ನೋಡ್ಲಿಲ್ಲ…” ಮುದುಕಿಯ ಮುಖ ನೋಡಿ ಅವನ ಮಾತು ಅಲ್ಲೇ ನಿಂತಿತು. “ಹಸಿವು ಅವ್ವಾ… ನಮಗೆಲ್ಲಾರಿಗೂ ಆಗ ಹಂಗಾ ಇತ್ತು,” ಎಂದು ತಡವರಿಸಿ ಒಲೆಯ ಕಡೆ ಹೋದ.

ಬುಗ್ಗಮ್ಮ ಮೊಗುಲಪ್ಪನ ಕಡೆ ತಿರುಗಿದಳು.

“ಹೌದೇನಪ್ಪ?”

ಐದು ವರ್ಷ ಹೊತ್ತದ್ದನ್ನು ಇಳಿಸಿಬಿಡುವ ಗಳಿಗೆ ಬಂತೆಂದು ಮೊಗುಲಪ್ಪನಿಗೆ ಅನ್ನಿಸಿತು. “ಹೌದು ಯವ್ವ,” ಎಂದ.

 ಅವಳ ಚಹಾದ ಮೇಲೆ ಕೆನೆ ಕಟ್ಟಿತು.

“ರುಚಿ ಇತ್ತೇನು?”

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದಿದ್ದ ಮೊಗುಲಪ್ಪ ಈ ಮಾತನ್ನು ನೆನೆಸಿಯೇ ಇರಲಿಲ್ಲ. ಸುಳ್ಳು ಹೇಳುವ ಶಕ್ತಿ ತೀರಿಹೋಗಿತ್ತು. “ಇತ್ತು ಯವ್ವ,” ಎಂದ.

ಅವಳು ಎದ್ದು, ಕಂಬಳಿಯ ಗಂಟು ತಲೆಗೇರಿಸಿಕೊಂಡು ಹೊರಟಳು. ಬುತ್ತಿಯನ್ನು ಬಿಚ್ಚಲೇ ಇಲ್ಲ.

ಮುಂದಿನ ಎರಡು ಸಂತೆಗೆ ಅವಳು ಬರಲಿಲ್ಲ. ಮೂರನೆಯದಕ್ಕೆ ಮೊಗುಲಪ್ಪನೇ ಅವಳ ಹಳ್ಳಿಗೆ ನಡೆದ. ಅಂಗಳದಲ್ಲಿ ಅವಳು ಕಂಬಳಿಗೆ ಗಂಜಿ ಹಚ್ಚುತ್ತಿದ್ದಳು. ಅವನು ಕಾಲಿಗೆ ಬಿದ್ದ. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ಕೈಯಿಂದ ಮುಟ್ಟಲೂ ಇಲ್ಲ.

“ತಪ್ಪಾತು ಯವ್ವ. ಹಸದಿದ್ದೆ.”

“ಹಸದಿದ್ದಿ. ತಿಂದಿ. ಅದಕ್ಕ ನಾ ಏನೂ ಅನ್ನೂದಿಲ್ಲ. ನನ್ನ ಮಗ ನಿನ್ನ ಜಾಗಾದಾಗ ಇದ್ರ ಅವನೂ ತಿಂತಿದ್ನೋ ಏನೋ.” ಅವಳ ಕೈ ಕಂಬಳಿಯ ಮೇಲೆ ಓಡುತ್ತಲೇ ಇತ್ತು. “ಆದ್ರ ಆವತ್ತು ಹೋಟೆಲಿನ್ಯಾಗ ಹೌದು ಅಂತ ಯಾಕಂದಿ? ಅವ ಸುಳ್ಳು ಹೇಳ್ತಾನ ಅಂದಿದ್ರ ನಾ ನಿನ್ನ ಮಾತೇ ನಂಬ್ತಿದ್ದೆ. ನನ್ನ ಮಗ ಉಂಡು ಹೋದ ಅಂತ ದಿನಾ ಮಲಗ್ತಿದ್ದೆ ನಾನು. ಈಗ ನನ್ನ ಕೈಯಾಗ ಏನೈತಿ?”

“ಇನ್ನ ಸುಳ್ಳು ಹೇಳಾಕ ಆಗ್ಲಿಲ್ಲ ಯವ್ವ.”

“ನಿನಗ ಹಗುರಾತು. ಹೋಗು.”

ಅವನು ಹೊರಟ. ಆ ಮಾತನ್ನು ಮಕ್ತಲ್‌ವರೆಗೂ ಹೊತ್ತು ನಡೆದ; ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೋಟೆಲಿನಿಂದ ಎದ್ದಾಗ ಅವನಿಗೆ ಹಗುರವೇ ಆಗಿತ್ತು.

ಬುಗ್ಗಮ್ಮ ಆ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹಳ್ಳಿಯವರು ಹಳೆಯ ಕತೆಯನ್ನೇ ಹೇಳಿಕೊಳ್ಳುತ್ತಿದ್ದರು, ಅವಳು ತಿದ್ದಲಿಲ್ಲ. ಸಂತೆಯಲ್ಲಿ ಅವಳು ಕಂಬಳಿ ಹರಡುವ ಜಾಗವನ್ನು ಬಯಲಿನ ಇನ್ನೊಂದು ತುದಿಗೆ ಬದಲಿಸಿಕೊಂಡಳು. ಅಪರೂಪಕ್ಕೆ ಎದುರಾದರೆ ಗುರುತಿಲ್ಲದವರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿಯುತ್ತಿದ್ದಳು. ಹೈದರಾಬಾದ್ ರಾಜ್ಯ ಒಡೆದು ರಾಯಚೂರು ಒಂದು ಕಡೆ, ಮಕ್ತಲ್ ಒಂದು ಕಡೆ ಆದ ವರ್ಷ ಅವಳು ತೀರಿಕೊಂಡಳು. ಮೊಗುಲಪ್ಪನಿಗೆ ಗೊತ್ತಾದದ್ದು ಎಂಟು ದಿನದ ಮೇಲೆ, ಸಂತೆಯಲ್ಲಿ, ಕಂಬಳಿ ಮಾರುವ ಇನ್ನೊಬ್ಬಳ ಬಾಯಿಂದ.

“ಬಾಳ ದಿನ ಮಲಗಿದ್ದಳೇನು?” ಎಂದು ಕೇಳಿದ.

“ಹದಿನೈದು ದಿನ. ಕಡೀಕಡೀಕ ಏನ್ ಕೊಟ್ರೂ ಬಾಯಿ ತೆರೀಲಿಲ್ಲ,” ಎಂದಳು ಅವಳು.

ಮೊಗುಲಪ್ಪ ಅವತ್ತು ಬುಟ್ಟಿ ಬಿಚ್ಚಲಿಲ್ಲ. ತಂದ ಮೀನನ್ನು ಹಾಗೇ ಹೊತ್ತುಕೊಂಡು ನದಿಯ ಕಡೆ ತಿರುಗಿ ನಡೆದ.